ನಗೆಗಾರರ ಗೆರೆಗಳು

ರಂಗದ ಕಲೆ ಹುಟ್ಟಿದ ರಾತ್ರಿಯೇ ಸಾಯುವ ಕಲೆ. ಶಿಲ್ಪಿ ಹೋದರೂ ಕಲ್ಲು ನಿಲ್ಲುತ್ತದೆ. ಕವಿ ಹೋದರೂ ಓಲೆಗರಿ ಉಳಿಯುತ್ತದೆ. ಸಾವಿರ ಜನ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದ ವಿದೂಷಕನಿಗೆ ಮಾತ್ರ, ಪರದೆ ಬಿದ್ದ ಮೇಲೆ, ನಕ್ಕವರ ನೆನಪೊಂದೇ ಮನೆ. ಆ ಮನೆಯೂ ಬಾಡಿಗೆಯದು. ನಕ್ಕವರು ಹೋದ ದಿನ ಅವನೂ ಗಂಟುಮೂಟೆ ಕಟ್ಟಬೇಕು.

ಅಮೆರಿಕದ ವಾಡ್‌ವಿಲ್ ರಂಗದ ನಗೆಗಾರರನ್ನೂ, ಅಲ್ಲಿಂದ ಹಾಲಿವುಡ್ಡಿಗೆ ವಲಸೆ ಹೋದ ಹಳೆಯ ತಾರೆಗಳನ್ನೂ ಚಿತ್ರಿಸಿದ ರೇಖಾಚಿತ್ರಗಳನ್ನು ನೋಡುವುದು ನನಗೆ ಬಹುಕಾಲದ ಹವ್ಯಾಸ. ಪುಸ್ತಕದಲ್ಲಿ ಅಂಥದೊಂದು ಚಿತ್ರ ಸಿಕ್ಕಿದರೆ ಅದರ ಮೇಲೆ ತೆಳುಕಾಗದವನ್ನಿಟ್ಟು, ಗೆರೆಯ ಬೆನ್ನು ಹಿಡಿದು ಪೆನ್ಸಿಲನ್ನು ಓಡಿಸುವುದೂ ಉಂಟು. ಹಾಗೆ ಮಾಡಿದಾಗ ಮೊದಲು ಬೆರಗು ಹುಟ್ಟಿಸುವುದು ಗೆರೆಗಳ ಸಂಖ್ಯೆ. ಅವು ಎಷ್ಟು ಕಡಿಮೆ! ಹತ್ತು ಹದಿನೈದು ಗೆರೆ ಎಳೆಯುವಷ್ಟರಲ್ಲಿ ಮನುಷ್ಯ ಮುಗಿದುಹೋಗುತ್ತಾನೆ; ಮುಗಿದು ಎದುರಿಗೆ ನಿಂತು ನಗುತ್ತಾನೆ. ಛಾಯಾಚಿತ್ರದಲ್ಲಿ ಮುಖದ ಸುಕ್ಕು, ಕೋಟಿನ ಗುಂಡಿ, ಹಿಂದಿನ ಗೋಡೆ ಎಲ್ಲವೂ ಇರುತ್ತವೆ. ಆದರೆ ಆ ಮನುಷ್ಯ ಹೇಗೆ ನಡೆಯುತ್ತಿದ್ದ, ಮಾತು ಮುಗಿಸಿ ಹೇಗೆ ನಿಲ್ಲುತ್ತಿದ್ದ ಎಂಬುದು ಈ ಹದಿನೈದು ಗೆರೆಗಳಲ್ಲೇ ಹೆಚ್ಚಾಗಿ ಸಿಗುತ್ತದೆ. ಇದು ಹೇಗೆ ಸಾಧ್ಯವಾಯಿತು?

ಚಿತ್ರಕಾರನ ಕೈಚಳಕ ಎಂದು ಉತ್ತರ ಹೇಳಿ ಮುಗಿಸಬಹುದು. ಅದು ಅರ್ಧ ಉತ್ತರ. ಇನ್ನರ್ಧ ನಗೆಗಾರನ ಬಳಿಯೇ ಇದೆ. ಚಿತ್ರಕಾರ ಲೇಖನಿ ಹಿಡಿಯುವುದಕ್ಕೆ ಬಹಳ ಮೊದಲೇ ಅವನು ತನ್ನ ಚಿತ್ರವನ್ನು ತಾನೇ ಬರೆದುಕೊಂಡಿದ್ದ. ಇದನ್ನು ತಿಳಿಯಬೇಕಾದರೆ ವಾಡ್‌ವಿಲ್ ಎಂದರೇನು ಎಂಬುದನ್ನು ನೋಡಬೇಕು.

ವಾಡ್‌ವಿಲ್‌ನಲ್ಲಿ ಕಥೆಯಿಲ್ಲ. ನಮ್ಮ ಕಂಪೆನಿ ನಾಟಕದಂತೆ ಒಂದು ಪ್ರಸಂಗ ಹಿಡಿದು ರಾತ್ರಿಯೆಲ್ಲ ಸಾಗುವ ಆಟ ಅದಲ್ಲ. ಒಂದರ ಹಿಂದೊಂದು ಎಂಟೊಂಬತ್ತು ತುಣುಕುಗಳು: ದೊಂಬರಾಟದವರು, ತರಬೇತಿ ಪಡೆದ ನಾಯಿಗಳು, ಹಾಡುವ ಅಕ್ಕತಂಗಿಯರು, ಇಂದ್ರಜಾಲದವನು, ತುಟಿ ಅಲುಗಿಸದೆ ಗೊಂಬೆಯನ್ನು ಮಾತನಾಡಿಸುವವನು, ಇಬ್ಬರು ವಿದೂಷಕರ ವಾಗ್ವಾದ. ಹಿಂದೆ ಇಂಥ ಆಟಗಳು ಹೆಂಡದಂಗಡಿಗಳ ಪಕ್ಕದಲ್ಲಿ, ಗಂಡಸರಿಗೆ ಮಾತ್ರ ಎಂಬಂತೆ ನಡೆಯುತ್ತಿದ್ದವು. ೧೮೮೧ರಲ್ಲಿ ಟೋನಿ ಪಾಸ್ಟರ್ ಎಂಬವನು ನ್ಯೂಯಾರ್ಕಿನ ಹದಿನಾಲ್ಕನೆಯ ಬೀದಿಯಲ್ಲಿ ಒಂದು ರಂಗಮಂದಿರ ನಡೆಸಲು ತೊಡಗಿ, ಹೆಂಗಸರು ಮಕ್ಕಳೊಡನೆ ಬಂದು ನೋಡಬಹುದಾದ ಮರ್ಯಾದಸ್ಥ ಆಟವನ್ನು ಕೊಟ್ಟ. ಮನೆಯೊಡತಿಯರನ್ನು ಸೆಳೆಯಲು ಹಿಟ್ಟು, ಕಲ್ಲಿದ್ದಲುಗಳನ್ನು ಬಹುಮಾನವಾಗಿ ಹಂಚಿದ. ೧೮೮೫ರಲ್ಲಿ ಬಾಸ್ಟನ್ನಿನ ಬಿ. ಎಫ್. ಕೀತ್, ಬೆಳಗಿನಿಂದ ರಾತ್ರಿಯವರೆಗೆ ಎಡೆಬಿಡದೆ ನಡೆಯುವ ಆಟವನ್ನು ತಂದ; ಯಾವಾಗ ಬೇಕಾದರೂ ಒಳಗೆ ಹೋಗಬಹುದು, ಯಾವಾಗ ಬೇಕಾದರೂ ಎದ್ದು ಬರಬಹುದು. ಮುಂದೆ ಅವನೂ ಅವನ ಜೊತೆಗಾರ ಆಲ್ಬಿಯೂ ಸೇರಿ ಊರೂರಿನ ರಂಗಮಂದಿರಗಳನ್ನು ಸರಪಣಿಯಂತೆ ಹೆಣೆದರು. ಆ ಸರಪಣಿಯ ಮೇಲೆ ನಟ ರೈಲು ಹತ್ತಿ ಊರಿಂದ ಊರಿಗೆ ಸಾಗಬೇಕು. ಒಂದೇ ಆಟವನ್ನು ವರ್ಷಗಟ್ಟಲೆ ಆಡಬೇಕು.

ಇಂಥ ಕಡೆ ಒಬ್ಬ ನಗೆಗಾರನಿಗೆ ಸಿಗುತ್ತಿದ್ದ ಕಾಲವೆಷ್ಟು? ಹತ್ತು ಹದಿನೈದು ನಿಮಿಷ. ಅವನಿಗೆ ಮುಂಚೆ ನಾಯಿಗಳು ಕುಣಿದು ಹೋಗಿವೆ. ಅವನ ನಂತರ ಬರುವವನು ಕತ್ತಿ ನುಂಗುತ್ತಾನೆ. ಕೆಳಗೆ ಕುಳಿತವರು ಬಿಡಲಿ, ಮಾಳಿಗೆಯ ಕೊನೆಯ ಬೆಂಚಿನಲ್ಲಿ ಕುಳಿತ ಕೂಲಿಯವನಿಗೂ ತಾನು ಯಾರೆಂಬುದು ಬಾಗಿಲು ದಾಟಿ ಬಂದ ಕ್ಷಣವೇ ತಿಳಿಯಬೇಕು. ಮುಂದಿನ ವರ್ಷ ಅದೇ ಊರಿಗೆ ಬಂದಾಗ, ‘ಹೋದ ವರ್ಷ ಬಂದಿದ್ದನಲ್ಲ, ಅವನೇ’ ಎಂದು ಜನ ಗುರುತಿಸಬೇಕು. ಮುಖದ ಸೂಕ್ಷ್ಮ ಭಾವಗಳಿಗೆ ಇಲ್ಲಿ ಬೆಲೆಯಿಲ್ಲ. ಅವು ಮೂರನೆಯ ಸಾಲಿನಾಚೆ ಕಾಣವು. ಆದ್ದರಿಂದ ನಟ ತನ್ನಲ್ಲಿ ಬೇಡವಾದುದನ್ನೆಲ್ಲ ಒಂದೊಂದಾಗಿ ಒರೆಸಿಹಾಕಿದ. ಉಳಿದದ್ದು ಒಂದು ಹ್ಯಾಟು, ಒಂದು ನಡಿಗೆ, ಒಂದು ಮೀಸೆ. ಚಿತ್ರಕಾರ ಕಾಗದದ ಮೇಲೆ ಮಾಡುವ ಕೆಲಸವನ್ನು ಅವನು ತನ್ನ ಮೈಮೇಲೆಯೇ ಮಾಡಿಕೊಂಡ.

ಚಾಪ್ಲಿನ್ನನನ್ನೇ ನೋಡಿ. ಅವನು ಅಮೆರಿಕಕ್ಕೆ ಬಂದದ್ದು ಸಿನಿಮಾಕ್ಕಾಗಿ ಅಲ್ಲ. ೧೯೧೦ರಲ್ಲಿ, ಮತ್ತೆ ೧೯೧೨ರಲ್ಲಿ, ಫ್ರೆಡ್ ಕಾರ್ನೊನ ಇಂಗ್ಲಿಷ್ ನಗೆನಾಟಕ ತಂಡದೊಡನೆ ವಾಡ್‌ವಿಲ್ ಮಂದಿರಗಳನ್ನು ಸುತ್ತಲು ಬಂದ. ಅದೇ ತಂಡದಲ್ಲಿ ಅವನಿಗೆ ಬದಲಿ ನಟನಾಗಿದ್ದ ಹುಡುಗನೇ ಮುಂದೆ ಲಾರೆಲ್–ಹಾರ್ಡಿ ಜೋಡಿಯ ಸ್ಟಾನ್ ಲಾರೆಲ್. ಕೀಸ್ಟೋನ್ ಕಂಪೆನಿ ಸೇರಿದ ಚಾಪ್ಲಿನ್ ೧೯೧೪ರ ಫೆಬ್ರುವರಿಯಲ್ಲಿ ದೊಗಲೆ ಷರಾಯಿ, ಬಿಗಿಯಾದ ಕೋಟು, ಪುಟ್ಟ ಹ್ಯಾಟು, ಭಾರಿ ಬೂಟುಗಳೊಡನೆ ತೆರೆಯ ಮೇಲೆ ಕಾಣಿಸಿಕೊಂಡ. ಮೇಲೆ ಚಿಕ್ಕದು, ಕೆಳಗೆ ದೊಡ್ಡದು. ಇದು ಉಡುಪಲ್ಲ, ರೇಖಾಚಿತ್ರ. ಚಾಪ್ಲಿನ್ನನ ಚಿತ್ರ ಬರೆಯಲು ಕುಳಿತವರು ಮುಖದಿಂದ ಆರಂಭಿಸಬೇಕಾಗಿಲ್ಲ. ಹೊರಕ್ಕೆ ತಿರುಗಿದ ಎರಡು ಪಾದ, ಬಾಗಿದ ಒಂದು ಬೆತ್ತ, ಇಷ್ಟನ್ನು ಎಳೆದರೆ ಸಾಕು. ಮಕ್ಕಳು ಕೂಡ ಹೆಸರು ಹೇಳುತ್ತವೆ.

ಬಸ್ಟರ್ ಕೀಟನ್ನನ ಗೆರೆ ಇನ್ನೂ ಕಠಿಣವಾದ ಶಾಲೆಯಲ್ಲಿ ಕಲಿತದ್ದು. ೧೮೯೫ರಲ್ಲಿ ಹುಟ್ಟಿದ ಅವನು ಚಿಕ್ಕ ಮಗುವಾಗಿದ್ದಾಗಲೇ ತಂದೆತಾಯಿಯರೊಡನೆ ವಾಡ್‌ವಿಲ್ ರಂಗ ಹತ್ತಿದ. ಮಗುವನ್ನು ಎತ್ತಿ ಎಸೆಯುವುದೇ ಆಟ! ಹಿಡಿದು ಎಸೆಯಲು ಅನುಕೂಲವಾಗಲೆಂದು ಅವನ ಅಂಗಿಯ ಬೆನ್ನಿಗೆ ಪೆಟ್ಟಿಗೆಯ ಹಿಡಿಯೊಂದನ್ನು ಹೊಲಿದಿದ್ದರು. ಬಿದ್ದೆದ್ದು ತಾನು ನಕ್ಕರೆ ಜನ ನಗುವುದಿಲ್ಲ, ಮುಖವನ್ನು ಕಲ್ಲಿನಂತೆ ಇಟ್ಟುಕೊಂಡರೆ ನಗುತ್ತಾರೆ ಎಂಬುದನ್ನು ಆ ವಯಸ್ಸಿನಲ್ಲೇ ಅವನು ಕಂಡುಕೊಂಡ. ಮುಂದೆ ಅವನ ಮೂಕಚಿತ್ರಗಳಲ್ಲಿ ಮನೆಯ ಗೋಡೆಯೇ ಮೇಲೆ ಕುಸಿದುಬಿದ್ದರೂ ಕದಲದೆ ನಿಲ್ಲುವ ಮುಖ ಅದೇ. ಚಿತ್ರಕಾರರು ಅವನನ್ನು ಬರೆಯುವಾಗ ಬಾಯಿಗೆ ಒಂದು ಅಡ್ಡಗೆರೆ, ತಲೆಯ ಮೇಲಿನ ಚಪ್ಪಟೆ ಹ್ಯಾಟಿಗೆ ಇನ್ನೊಂದು ಅಡ್ಡಗೆರೆ ಎಳೆದರು. ಎರಡು ಅಡ್ಡಗೆರೆಗಳ ನಡುವೆ ಒಂದು ಬಾಲ್ಯ ಅಡಗಿದೆಯೆಂಬುದನ್ನು ಬಲ್ಲವರಿಗೆ ಆ ಚಿತ್ರ ನೋಡಿ ನಗುವುದು ಅಷ್ಟು ಸುಲಭವಲ್ಲ.

ಮಾರ್ಕ್ಸ್ ಸೋದರರ ವಿಷಯವಂತೂ ಇನ್ನೂ ವಿನೋದವಾದುದು. ಅವರ ಹೆಸರುಗಳೇ ವ್ಯಂಗ್ಯಚಿತ್ರದಿಂದ ಬಂದವು. ಆಗ ಪತ್ರಿಕೆಗಳಲ್ಲಿ ಗಸ್ ಮೇಗರ್ ಬರೆಯುತ್ತಿದ್ದ ಕೋತಿಗಳ ಚಿತ್ರಮಾಲೆಯೊಂದು ಜನಪ್ರಿಯವಾಗಿತ್ತು. ಅದರ ಪಾತ್ರಗಳ ಹೆಸರೆಲ್ಲ ‘ಓ’ಕಾರಾಂತ. ೧೯೧೪ರಲ್ಲಿ ಇಲಿನಾಯ್ ಪ್ರಾಂತದ ಗೇಲ್ಸ್‌ಬರ್ಗ್ ಎಂಬ ಊರಿನಲ್ಲಿ ಇಸ್ಪೀಟು ಹಂಚುತ್ತ ಕುಳಿತಿದ್ದ ಆರ್ಟ್ ಫಿಷರ್ ಎಂಬ ವಾಡ್‌ವಿಲ್ ನಟ, ಅದೇ ಧಾಟಿಯಲ್ಲಿ ಸೋದರರಿಗೆ ಗ್ರೌಚೊ, ಹಾರ್ಪೊ, ಚಿಕೊ ಎಂದು ಹೆಸರಿಟ್ಟನಂತೆ. ಗ್ರೌಚೊನ ಮೀಸೆಯ ಕಥೆಯೂ ಹೀಗೆಯೇ. ಒಂದು ರಾತ್ರಿ ಅಂಟುಮೀಸೆ ಹಚ್ಚಿಕೊಳ್ಳಲು ಹೊತ್ತು ಸಾಲದೆ ಬಣ್ಣದ ಕಡ್ಡಿಯಿಂದ ಮೂಗಿನ ಕೆಳಗೆ ಕಪ್ಪಗೆ ಬಳಿದುಕೊಂಡು ರಂಗಕ್ಕೆ ಓಡಿದನೆಂದು ಅವನೇ ಹೇಳುತ್ತಿದ್ದ. ಜನ ನಕ್ಕರು; ಬಳಿದ ಮೀಸೆ ನಿಂತಿತು. ಬಳಿದ ಮೀಸೆ ಎಂದರೆ ಮತ್ತೇನು? ಮುಖವೆಂಬ ಕಾಗದದ ಮೇಲೆ ಬರೆದ ಗೆರೆ. ಜಿಮ್ಮಿ ಡ್ಯುರಾಂಟಿಗೆ ಬಳಿದುಕೊಳ್ಳುವ ಕಷ್ಟವೂ ಇರಲಿಲ್ಲ. ದೇವರು ಕೊಟ್ಟ ಮೂಗನ್ನೇ ಅವನು ಬಂಡವಾಳ ಮಾಡಿಕೊಂಡ. ಹಾಲಿವುಡ್ಡಿನ ಚೈನೀಸ್ ಥಿಯೇಟರಿನ ಅಂಗಳದಲ್ಲಿ ತಾರೆಗಳು ಹಸಿ ಸಿಮೆಂಟಿನಲ್ಲಿ ಕೈಯ ಗುರುತು ಒತ್ತುವ ಪದ್ಧತಿಯುಂಟು. ಡ್ಯುರಾಂಟಿ ಮೂಗಿನ ಗುರುತನ್ನೂ ಒತ್ತಿದ.

ಹೀಗೆ ತಮ್ಮನ್ನು ತಾವೇ ಗೆರೆಗಿಳಿಸಿಕೊಂಡವರನ್ನು ಕಾಗದಕ್ಕಿಳಿಸಲು ೧೯೨೦ರ ದಶಕದ ನ್ಯೂಯಾರ್ಕಿನಲ್ಲಿ ಒಂದು ಹೊಸ ತಲೆಮಾರು ಸಿದ್ಧವಾಯಿತು. ಹತ್ತೊಂಬತ್ತನೆಯ ಶತಮಾನದ ವ್ಯಂಗ್ಯಚಿತ್ರಕಾರರು ಹೆಚ್ಚಾಗಿ ರಾಜಕಾರಣಿಗಳ ಬೆನ್ನು ಬಿದ್ದವರು. ದೊಡ್ಡ ತಲೆ, ಸಣ್ಣ ಮೈ, ಕೈತುಂಬ ಲಂಚದ ಚೀಲ. ಹೊಸಬರಿಗೆ ಯಾರನ್ನೂ ಕೆಳಗಿಳಿಸುವ ಹಂಬಲವಿರಲಿಲ್ಲ. ಮೆಕ್ಸಿಕೊದಿಂದ ೧೯೨೩ರಲ್ಲಿ ಬಂದ ಹದಿನೆಂಟರ ಹರೆಯದ ಮಿಗೆಲ್ ಕೊವಾರುಬಿಯಾಸ್, ‘ವ್ಯಾನಿಟಿ ಫೇರ್’ ಪತ್ರಿಕೆಯ ಪುಟಗಳಲ್ಲಿ ತಾರೆಗಳನ್ನು ಗೋಳ, ಕೋನ, ವಕ್ರರೇಖೆಗಳಾಗಿ ಒಡೆದು ಜೋಡಿಸಿದ. ರಾಲ್ಫ್ ಬಾರ್ಟನ್ ೧೯೨೨ರಲ್ಲಿ ಒಂದು ರಷ್ಯನ್ ವಿನೋದ ತಂಡಕ್ಕಾಗಿ ವಿರಾಮದ ಪರದೆಯನ್ನೇ ಬರೆದುಕೊಟ್ಟ. ಆ ಪರದೆಯ ಮೇಲೆ ನಗರದ ಪ್ರಸಿದ್ಧರು ನೂರಕ್ಕೂ ಹೆಚ್ಚು ಮಂದಿ ಸಾಲುಸಾಲಾಗಿ ಕುಳಿತು ಸಭೆಯನ್ನು ನೋಡುತ್ತಿದ್ದಾರೆ. ದೀಪ ಹತ್ತಿದಾಗ ಪ್ರೇಕ್ಷಕರು ತಮ್ಮನ್ನೇ ತಾವು ಎದುರಿಗೆ ಕಂಡು ಬೆಚ್ಚಿ ನಕ್ಕರು.

ಬಾರ್ಟನ್ನನ ಕಥೆ ನಗೆಯಲ್ಲಿ ಮುಗಿಯುವುದಿಲ್ಲ. ಅವನು ಚಾಪ್ಲಿನ್ನನ ಆಪ್ತ ಸ್ನೇಹಿತ. ೧೯೩೧ರ ಆದಿಯಲ್ಲಿ ‘ಸಿಟಿ ಲೈಟ್ಸ್’ ಚಿತ್ರದ ಪ್ರದರ್ಶನಕ್ಕೆಂದು ಲಂಡನ್ನಿಗೆ ಹೊರಟ ಚಾಪ್ಲಿನ್, ಗೆಳೆಯನ ಮನಸ್ಸಿನ ಕತ್ತಲೆ ಸ್ವಲ್ಪ ತಿಳಿಯಾದೀತೆಂದು ಅವನನ್ನೂ ಜೊತೆಗೆ ಕರೆದೊಯ್ದ. ಹಿಂದಿರುಗಿ ಬಂದ ಬಾರ್ಟನ್ ಅದೇ ಮೇ ತಿಂಗಳಲ್ಲಿ ನ್ಯೂಯಾರ್ಕಿನ ತನ್ನ ಮನೆಯಲ್ಲಿ ತನ್ನ ಕೈಯಿಂದಲೇ ಪ್ರಾಣ ಕಳೆದುಕೊಂಡ. ಆಗ ಅವನಿಗೆ ಮೂವತ್ತೊಂಬತ್ತು ವರ್ಷ. ಇಡೀ ನಗರವನ್ನು ಒಂದು ಪರದೆಯ ಮೇಲೆ ಕೂರಿಸಿ ನಗಿಸಿದವನಿಗೆ ಆ ಸಭೆಯಲ್ಲಿ ಒಂದು ಕುರ್ಚಿ ಸಿಗಲಿಲ್ಲವೆ ಎಂದು ನಾನು ಆ ಪರದೆಯ ಪ್ರತಿಯನ್ನು ನೋಡುವಾಗಲೆಲ್ಲ ಕೇಳಿಕೊಂಡಿದ್ದೇನೆ.

ರಂಗದ ಜನರ ಗೆರೆಗಳಿಗೆ ನಿಂತ ಮನೆಯೊಂದು ದೊರೆತದ್ದು ೧೯೨೭ರಲ್ಲಿ. ಅದೂ ಒಂದು ಹೋಟೆಲಿನಲ್ಲಿ. ಆ ವರ್ಷದ ಮಾರ್ಚಿಯಲ್ಲಿ ವಿನ್ಸೆಂಟ್ ಸಾರ್ಡಿ ಎಂಬ ಇಟಲಿಯವನು ನ್ಯೂಯಾರ್ಕಿನ ನಾಟಕಮಂದಿರಗಳ ನಡುವೆ, ನಲವತ್ತನಾಲ್ಕನೆಯ ಬೀದಿಯಲ್ಲಿ, ತನ್ನ ಊಟದ ಮನೆಯನ್ನು ಹೊಸ ಕಟ್ಟಡದಲ್ಲಿ ತೆರೆದ. ಗಿರಾಕಿಗಳು ಸಾಲದೆ ಬಂದಾಗ, ಪ್ಯಾರಿಸ್ಸಿನಲ್ಲಿ ಗೋಡೆಯ ತುಂಬ ತಾರೆಗಳ ವ್ಯಂಗ್ಯಚಿತ್ರಗಳಿದ್ದ ಒಂದು ವಿಹಾರಮಂದಿರ ಅವನಿಗೆ ನೆನಪಾಯಿತು. ರಷ್ಯದಿಂದ ಓಡಿಬಂದಿದ್ದ ಅಲೆಕ್ಸ್ ಗಾರ್ಡ್ ಎಂಬ ಚಿತ್ರಕಾರನೊಡನೆ ಒಂದು ಕರಾರು ಮಾಡಿಕೊಂಡ. ಗಾರ್ಡ್ ಚಿತ್ರ ಬರೆಯತಕ್ಕದ್ದು, ಸಾರ್ಡಿ ಅದಕ್ಕೆ ಊಟ ಹಾಕತಕ್ಕದ್ದು. ಸಾರ್ಡಿ ಚಿತ್ರವನ್ನು ಹಳಿಯಬಾರದು, ಗಾರ್ಡ್ ಅಡಿಗೆಯನ್ನು ಹಳಿಯಬಾರದು! ಪ್ರಪಂಚದ ಕಲಾವಿಮರ್ಶೆಯ ಚರಿತ್ರೆಯಲ್ಲಿ ಇಷ್ಟು ನ್ಯಾಯವಾದ ಒಪ್ಪಂದ ಇನ್ನೊಂದಿರಲಾರದು. ಗೋಡೆಗೇರಿದ ಮೊದಲ ಮುಖ ಟೆಡ್ ಹೀಲಿ ಎಂಬ ವಾಡ್‌ವಿಲ್ ನಟನದು. ಸಾರ್ಡಿಯ ಮಗ ೧೯೪೭ರಲ್ಲಿ ವ್ಯವಹಾರ ವಹಿಸಿಕೊಂಡಾಗ ಕರಾರನ್ನು ತಿದ್ದುವ ಮಾತೆತ್ತಿದ, ಗಾರ್ಡ್ ಒಪ್ಪಲಿಲ್ಲ. ೧೯೪೮ರಲ್ಲಿ ತೀರಿಕೊಳ್ಳುವವರೆಗೆ ಊಟಕ್ಕೇ ಬರೆದ; ಏಳುನೂರಕ್ಕೂ ಹೆಚ್ಚು ಮುಖಗಳನ್ನು ಬರೆದ.

ಆ ಗೋಡೆಯ ಮೇಲಿರುವುದು ಸುಂದರವಾದ ಮುಖಗಳಲ್ಲ. ಮೂಗು ಉದ್ದ, ಗಲ್ಲ ಚೂಪು. ಆದರೂ ನಟನಟಿಯರು ಅಲ್ಲಿ ತಮ್ಮ ಮುಖ ಯಾವಾಗ ನೇತಾಡುವುದೋ ಎಂದು ಕಾಯುತ್ತಿದ್ದರು. ವಾಡ್‌ವಿಲ್‌ನಿಂದಲೇ ಮೇಲೆ ಬಂದ ಜೇಮ್ಸ್ ಕ್ಯಾಗ್ನಿ ೧೯೮೬ರಲ್ಲಿ ತೀರಿಕೊಂಡ ದಿನ, ಆ ಗೋಡೆಯಿಂದ ಅವನ ಚಿತ್ರ ಕಳುವಾಯಿತು. ಅಂದಿನಿಂದ ಸಾರ್ಡಿಯ ಮನೆಯವರು ಮೂಲಚಿತ್ರವನ್ನು ಭದ್ರವಾಗಿಟ್ಟು ಗೋಡೆಗೆ ಪ್ರತಿಯನ್ನು ತೂಗುಹಾಕುವ ಪದ್ಧತಿ ಹಿಡಿದರು. ಕಳ್ಳತನ ತಪ್ಪು, ನಿಜ. ಆದರೆ ಸತ್ತವನ ಛಾಯಾಚಿತ್ರಗಳು ಊರೆಲ್ಲ ಸಿಗುತ್ತಿರುವಾಗ ಒಬ್ಬನು ಅಂಥ ಹತ್ತು ಗೆರೆಗಳಿಗಾಗಿ ಕೈಚಾಚಿದನೆಂದರೆ, ಆ ಗೆರೆಗಳಲ್ಲಿ ಏನೋ ಇರಲೇಬೇಕು.

ಗೋಡೆ ತುಂಬಲು ತೊಡಗಿದ ಅದೇ ೧೯೨೭ರಲ್ಲಿ ಆ ಜನರ ಕಾಲಕೆಳಗಿನ ನೆಲ ಕುಸಿಯಲು ತೊಡಗಿತ್ತು. ಅಕ್ಟೋಬರಿನಲ್ಲಿ ‘ಜಾಝ್ ಸಿಂಗರ್’ ಬಂದು ಸಿನಿಮಾಕ್ಕೆ ಮಾತು ಬಂತು. ರೇಡಿಯೊ ಆಗಲೇ ಮನೆಯೊಳಗೆ ಹೊಕ್ಕಿತ್ತು. ಹತ್ತೂರು ಸುತ್ತಿ ಹತ್ತು ವರ್ಷ ಆಡಬಹುದಾಗಿದ್ದ ಒಂದು ಆಟವನ್ನು ರೇಡಿಯೊ ಒಂದೇ ರಾತ್ರಿಯಲ್ಲಿ ದೇಶಕ್ಕೆಲ್ಲ ಕೇಳಿಸಿ ಖರ್ಚುಮಾಡಿಬಿಡುತ್ತಿತ್ತು. ೧೯೧೩ರ ಮಾರ್ಚಿಯಲ್ಲಿ ತೆರೆದ ನ್ಯೂಯಾರ್ಕಿನ ಪ್ಯಾಲೆಸ್ ಮಂದಿರವೇ ವಾಡ್‌ವಿಲ್ ನಟರಿಗೆ ಕಾಶಿ. ‘ಪ್ಯಾಲೆಸ್ಸಿನಲ್ಲಿ ಆಡಿದ್ದೇನೆ’ ಎಂದರೆ ಜನ್ಮ ಸಾರ್ಥಕ. ಆ ಪ್ಯಾಲೆಸ್ಸೂ ೧೯೩೨ರ ಕೊನೆಯ ವೇಳೆಗೆ ಸಿನಿಮಾ ಮಂದಿರವಾಯಿತು. ಬುದ್ಧಿಶಾಲಿಗಳೂ ಅದೃಷ್ಟವಂತರೂ ಹಾಲಿವುಡ್ಡಿಗೋ ರೇಡಿಯೊಕ್ಕೋ ದಾಟಿಕೊಂಡರು. ದಾಟಲಾರದೆ ಉಳಿದವರು ಸಾವಿರಾರು ಮಂದಿ. ಕುದುರೆಯನ್ನು ಲೆಕ್ಕ ಹಾಕಿಸುತ್ತಿದ್ದವನೂ ತಟ್ಟೆಗಳನ್ನು ಕೋಲಿನ ತುದಿಯಲ್ಲಿ ತಿರುಗಿಸುತ್ತಿದ್ದವನೂ ಎಲ್ಲಿ ಹೋದರೆಂದು ಕೇಳುವವರಿಲ್ಲ.

ಈ ಕುಸಿತದ ಅಂಚಿನಲ್ಲಿ ನಿಂತು, ಮುಂದಿನ ಎಪ್ಪತ್ತೈದು ವರ್ಷ ಗೆರೆ ಎಳೆದವನೊಬ್ಬನುಂಟು: ಆಲ್ ಹಿರ್ಷ್‌ಫೆಲ್ಡ್. ೧೯೦೩ರ ಜೂನ್ ೨೧ರಂದು ಸೇಂಟ್ ಲೂಯಿಸ್ಸಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ನ್ಯೂಯಾರ್ಕಿಗೆ ಬಂದವನು. ಸಿನಿಮಾ ಕಂಪೆನಿಗಳ ಚಿತ್ರಶಾಖೆಗಳಲ್ಲಿ ದುಡಿದ. ಮುಂದೆ ಲಾರೆಲ್–ಹಾರ್ಡಿಗಳಿಗೂ ಮಾರ್ಕ್ಸ್ ಸೋದರರಿಗೂ ಭಿತ್ತಿಪತ್ರಗಳನ್ನು ಬರೆದ. ೧೯೨೬ರಲ್ಲಿ ಒಂದು ನಾಟಕ ನೋಡುತ್ತ ಕುಳಿತು, ಕೈಯಲ್ಲಿದ್ದ ಕಾರ್ಯಕ್ರಮದ ಹಾಳೆಯ ಮೇಲೆ ಫ್ರೆಂಚ್ ನಟ ಸಾಶಾ ಗಿಟ್ರಿಯನ್ನು ಗೀಚಿದ. ಪಕ್ಕದಲ್ಲಿದ್ದ ಗೆಳೆಯ ಅದನ್ನು ಶುಭ್ರವಾಗಿ ಬರೆಸಿ ಪತ್ರಿಕೆಗೆ ಕೊಟ್ಟ, ಅಚ್ಚಾಯಿತು. ಅಲ್ಲಿಂದ ಮುಂದೆ ‘ನ್ಯೂಯಾರ್ಕ್ ಟೈಮ್ಸ್’ ಓದುಗರಿಗೆ ಭಾನುವಾರದ ನಾಟಕಪುಟವೆಂದರೆ ಹಿರ್ಷ್‌ಫೆಲ್ಡನ ಗೆರೆ ಎಂಬಂತಾಯಿತು.

ಅವನ ಕಣ್ಣು ತೆರೆಸಿದ ಊರು ಮಾತ್ರ ನ್ಯೂಯಾರ್ಕ್ ಅಲ್ಲ, ಬಾಲಿ ದ್ವೀಪ. ಒಂದು ಕಾಲಕ್ಕೆ ಅವನೊಡನೆ ಒಂದೇ ಚಿತ್ರಶಾಲೆಯಲ್ಲಿದ್ದ ಕೊವಾರುಬಿಯಾಸನೂ ಆ ದ್ವೀಪಕ್ಕೆ ಮನಸೋತು, ೧೯೩೭ರಲ್ಲಿ ಅದರ ಮೇಲೆ ಒಂದು ದೊಡ್ಡ ಪುಸ್ತಕವನ್ನೇ ಬರೆದ. ಹಿರ್ಷ್‌ಫೆಲ್ಡ್ ೧೯೩೨ರಲ್ಲಿ ಅಲ್ಲಿದ್ದ. ಬಾಲಿಯ ಬಿಸಿಲು ಬಣ್ಣವನ್ನೆಲ್ಲ ಬಿಳಿಚಿಸಿ ಗೆರೆಯನ್ನು ಮಾತ್ರ ಉಳಿಸುತ್ತಿತ್ತು; ಅಲ್ಲಿಯೇ ತಾನು ಬಣ್ಣ ಬಿಟ್ಟು ಗೆರೆಗೆ ಒಲಿದೆ ಎಂದು ಅವನು ಹೇಳುತ್ತಿದ್ದ. ಜಾವಾದ ತೊಗಲುಗೊಂಬೆಗಳ ಪ್ರಭಾವವನ್ನೂ ಸ್ಮರಿಸುತ್ತಿದ್ದ. ಆ ಗೊಂಬೆಗಳೆಂದರೆ ಮತ್ತಾರೂ ಅಲ್ಲ, ನಮ್ಮ ಭೀಮಾರ್ಜುನರೇ. ಭಾರತದ ಕಥೆ ಕಡಲು ದಾಟಿ ಅಲ್ಲಿ ನೆರಳಾಗಿ ಕುಣಿಯುತ್ತಿದೆ. ತೊಗಲುಗೊಂಬೆಯ ಆಟ ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಬಿಳಿಯ ತೆರೆಯ ಮೇಲೆ ಮೂಗಿನ ಮೊನೆ, ಬೆರಳಿನ ಬಾಗು, ಮೊಣಕೈಯ ಕೋನ ಇಷ್ಟರಿಂದಲೇ ಇವನು ಶೂರ, ಇವನು ಖಳ, ಇವನು ಕೋಡಂಗಿ ಎಂದು ತಿಳಿದುಬಿಡುತ್ತದೆ. ಅದೇ ವರ್ಷ ಚಾಪ್ಲಿನ್ನನೂ ಸೋದರನೊಡನೆ ಬಾಲಿಗೆ ಬಂದಿದ್ದ. ಹಿರ್ಷ್‌ಫೆಲ್ಡನ ಕೆಲವು ಜಲವರ್ಣ ಚಿತ್ರಗಳನ್ನು ಕೊಂಡ. ವಾಡ್‌ವಿಲ್ ಸುತ್ತಿ ಬಂದ ನಗೆಗಾರನೂ ವಾಡ್‌ವಿಲ್ ಬರೆಯಲಿದ್ದ ಚಿತ್ರಕಾರನೂ ಅರ್ಧ ಭೂಮಿಯಾಚೆ ಒಂದೇ ನೆಲದಲ್ಲಿ ಕುಣಿತ ನೋಡುತ್ತಿದ್ದರೆಂಬುದು ಎಂಥ ಸೊಗಸು!

ಅವನು ಕೆಲಸ ಮಾಡುತ್ತಿದ್ದ ಬಗೆಯೂ ಕೇಳತಕ್ಕದ್ದು. ನಾಟಕಮಂದಿರದ ಕತ್ತಲಲ್ಲಿ ಕುಳಿತು, ಕಾಗದವನ್ನು ನೋಡದೆ ಗುರುತು ಹಾಕಿಕೊಳ್ಳುವುದನ್ನು ಕಲಿತಿದ್ದ. ಎಷ್ಟೋ ಸಲ ಜೇಬಿನೊಳಗೇ ಕೈಯಿಟ್ಟು ಗೀಚುತ್ತಿದ್ದ. ಚಿತ್ರದ ಪಕ್ಕದಲ್ಲಿ ತನಗೆ ಮಾತ್ರ ತಿಳಿಯುವ ಒಂದೊಂದು ಪದ. ಕಣ್ಣು ಹುರಿದ ಮೊಟ್ಟೆಯಂತಿದೆ ಎಂಬಂಥವು. ಮನೆಗೆ ಬಂದು, ಹಳೆಯ ಕ್ಷೌರದ ಕುರ್ಚಿಯೊಂದರ ಮೇಲೆ ಕುಳಿತು ಮಸಿಯಲ್ಲಿ ಬರೆಯುತ್ತಿದ್ದ. ಏರಿಳಿಸಬಹುದು, ತಿರುಗಬಹುದು, ಚಿತ್ರಕಾರನಿಗೆ ಅದಕ್ಕಿಂತ ಒಳ್ಳೆಯ ಸಿಂಹಾಸನ ಬೇರೆಯಿಲ್ಲ. ೧೯೪೫ರಲ್ಲಿ ಮಗಳು ನೀನಾ ಹುಟ್ಟಿದಾಗ ಒಂದು ಚಿತ್ರದ ಮೂಲೆಯಲ್ಲಿ ಅವಳ ಹೆಸರನ್ನು ಬಚ್ಚಿಟ್ಟ. ಓದುಗರು ಹುಡುಕಿದರು. ಒಂದು ವಾರ ಬಿಟ್ಟರೆ ಪತ್ರಗಳು ಬರತೊಡಗಿದವು. ಕೊನೆಗೆ ತೋಳಿನ ಮಡಿಕೆಯಲ್ಲಿ, ಕೂದಲಿನ ಸುಳಿಯಲ್ಲಿ ಆ ಹೆಸರನ್ನು ಎಷ್ಟು ಸಲ ಅಡಗಿಸಿದ್ದಾನೆಂದು ಸಹಿಯ ಪಕ್ಕದಲ್ಲಿ ಅಂಕಿ ಹಾಕುವ ಪದ್ಧತಿ ಬಂತು. ಒಂದು ಮನೆಯ ಸಂತೋಷ ಊರಿನ ಆಟವಾಯಿತು.

ತನ್ನನ್ನು ವ್ಯಂಗ್ಯಚಿತ್ರಕಾರನೆಂದು ಕರೆಯುವುದು ಅವನಿಗೆ ಹಿಡಿಸುತ್ತಿರಲಿಲ್ಲ. ದೊಡ್ಡ ಮೂಗನ್ನು ಇನ್ನೂ ದೊಡ್ಡದು ಮಾಡುವುದು ಕಲೆಯಲ್ಲ. ಮನುಷ್ಯನ ಶೀಲವನ್ನು ಹಿಡಿಯುವುದು ತನ್ನ ಕೆಲಸ ಎಂಬುದು ಅವನ ನಿಲುವು. ಇದೇನೂ ಬರಿಯ ವಿನಯದ ಮಾತಲ್ಲ. ಗೆರೆಗೆ ಕೊಲ್ಲುವ ಶಕ್ತಿಯೂ ಉಂಟು. ವಾಡ್‌ವಿಲ್‌ನ ಚರಿತ್ರೆಯಲ್ಲೇ ಅದಕ್ಕೆ ಸಾಕ್ಷಿಯಿದೆ; ಅದನ್ನು ಹೇಳದೆ ಬರಿಯ ನಗೆಯನ್ನು ಮಾತ್ರ ಹೇಳಿ ಮುಗಿಸಿದರೆ ಚರಿತ್ರೆಗೆ ದ್ರೋಹವಾದೀತು.

ಬಿಳಿಯ ನಟರು ಸೀಸೆಯ ಬಿರಡೆಯನ್ನು ಸುಟ್ಟು, ಆ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ತುಟಿಯನ್ನು ದಪ್ಪಗೆ ಬರೆದುಕೊಂಡು ನೀಗ್ರೋ ಜನರನ್ನು ಅಣಕಿಸುವ ಆಟ ಅಮೆರಿಕದಲ್ಲಿ ಹಳೆಯದು. ಮೊದಲ ಮಾತಿನ ಚಿತ್ರವೆಂದು ಹೆಸರಾದ ‘ಜಾಝ್ ಸಿಂಗರ್’ನಲ್ಲಿ ಆಲ್ ಜಾಲ್ಸನ್ ಹಾಡುವುದೂ ಈ ಮಸಿಮುಖದಲ್ಲಿಯೇ. ಬಹಾಮಾಸ್ ದ್ವೀಪದಲ್ಲಿ ಹುಟ್ಟಿದ ಬರ್ಟ್ ವಿಲಿಯಮ್ಸ್ ಸ್ವತಃ ಕಪ್ಪು ಜನಾಂಗದವನು. ಓದು ಬಲ್ಲ, ಗಂಭೀರ ಸ್ವಭಾವದ ಮನುಷ್ಯ. ಆ ಕಾಲದ ಶ್ರೇಷ್ಠ ನಗೆಗಾರರಲ್ಲಿ ಒಬ್ಬ. ೧೯೧೦ರಲ್ಲಿ ಝಿಗ್‌ಫೆಲ್ಡನ ಪ್ರಖ್ಯಾತ ‘ಫಾಲೀಸ್’ ತಂಡಕ್ಕೆ ಸೇರಿದಾಗ ಬಿಳಿಯ ನಟರಲ್ಲಿ ಕೆಲವರು ಅವನೊಡನೆ ಆಡಲೊಲ್ಲೆವೆಂದರು. ಇಂಥವನಿಗೂ ರಂಗಕ್ಕೆ ಬರಬೇಕಾದರೆ ತನ್ನ ತಿಳಿಕಪ್ಪು ಮುಖದ ಮೇಲೆ ಅದೇ ಸುಟ್ಟ ಮಸಿಯನ್ನು ಬಳಿದುಕೊಳ್ಳುವುದು ತಪ್ಪಲಿಲ್ಲ. ಜನರಿಗೆ ಬೇಕಾಗಿದ್ದುದು ಬರ್ಟ್ ವಿಲಿಯಮ್ಸನ ಮುಖವಲ್ಲ. ತಾವೇ ಮೊದಲು ಬರೆದಿಟ್ಟುಕೊಂಡಿದ್ದ ಒಂದು ಚಿತ್ರ. ೧೯೨೨ರ ಫೆಬ್ರುವರಿಯಲ್ಲಿ ಡೆಟ್ರಾಯಿಟ್ಟಿನ ರಂಗದ ಮೇಲೆ ಅವನು ಕುಸಿದುಬಿದ್ದ. ಮುಂದಿನ ತಿಂಗಳು ತೀರಿಕೊಂಡ. ಒಬ್ಬನೇ ಕುಳಿತು, ಇಲ್ಲದ ಇಸ್ಪೀಟೆಲೆಗಳನ್ನು ಹಿಡಿದು, ಮಾತಿಲ್ಲದೆ ಜೂಜಾಡುವ ಅವನ ಪ್ರಸಿದ್ಧ ಅಭಿನಯವೊಂದು ೧೯೧೬ರ ಮೂಕಚಿತ್ರದಲ್ಲಿ ಉಳಿದಿದೆ. ಅದನ್ನು ನೋಡುವಾಗ ನನ್ನ ಕಣ್ಣು ಮುಖಕ್ಕಿಂತ ಕೈಗಳ ಮೇಲೆಯೇ ನಿಂತುಬಿಡುತ್ತದೆ. ಮುಖದ ಗೆರೆ ಜನ ಎಳೆದದ್ದು. ಬೆರಳುಗಳ ಗೆರೆ ಅವನು ಎಳೆದದ್ದು.

ಅಲ್ಲಿಗೆ ನನಗೆ ಒಂದು ಅಳತೆಗೋಲು ಸಿಕ್ಕಿದೆ. ಮನುಷ್ಯನನ್ನು ಹತ್ತು ಗೆರೆಗಳಿಗೆ ಇಳಿಸುವುದು ಗೌರವವೂ ಆಗಬಹುದು, ಅವಮಾನವೂ ಆಗಬಹುದು. ಆ ಗೆರೆಯನ್ನು ಆರಿಸಿದವರು ಯಾರು? ಪ್ರಶ್ನೆ ಇಷ್ಟೆ. ಗ್ರೌಚೊ ತನ್ನ ಮೀಸೆಯನ್ನು ತಾನೇ ಬಳಿದುಕೊಂಡ. ಬೇಡವಾದಾಗ ಒರೆಸಿ, ಮುದುಕನಾದ ಮೇಲೆ ಟೆಲಿವಿಷನ್ನಿಗೆ ನಿಜವಾದ ಮೀಸೆ ಬೆಳೆಸಿಕೊಂಡು ಬಂದ. ಬರ್ಟ್ ವಿಲಿಯಮ್ಸನಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಒಳ್ಳೆಯ ಚಿತ್ರಕಾರ ಎಂದರೆ, ನಟ ತನ್ನಲ್ಲಿ ತಾನು ಕಂಡುಕೊಂಡ ಗೆರೆಯನ್ನು ಹುಡುಕಿ ಹಿಡಿಯುವವನು. ಕೆಟ್ಟವನು ಗುಂಪಿನ ಕೈಯಲ್ಲಿರುವ ಅಚ್ಚನ್ನು ತಂದು ಮುಖಕ್ಕೆ ಒತ್ತುತ್ತಾನೆ.

೧೯೯೧ರಲ್ಲಿ ಅಮೆರಿಕದ ಅಂಚೆ ಇಲಾಖೆ ನಗೆಗಾರರ ನೆನಪಿಗೆ ಇಪ್ಪತ್ತೊಂಬತ್ತು ಸೆಂಟಿನ ಐದು ಅಂಚೆಚೀಟಿಗಳನ್ನು ಹೊರಡಿಸಿತು. ಲಾರೆಲ್ ಮತ್ತು ಹಾರ್ಡಿ, ಗೊಂಬೆಯೊಡನೆ ಎಡ್ಗರ್ ಬರ್ಗೆನ್, ಪಿಟೀಲಿನ ಜ್ಯಾಕ್ ಬೆನ್ನಿ, ಫ್ಯಾನಿ ಬ್ರೈಸ್, ಆಬಟ್ ಮತ್ತು ಕಾಸ್ಟೆಲೊ. ಬರೆದವನು ಎಂಬತ್ತೆಂಟರ ಹಿರ್ಷ್‌ಫೆಲ್ಡ್. ೧೯೯೪ರಲ್ಲಿ ಮೂಕಚಿತ್ರದ ತಾರೆಗಳ ಹತ್ತು ಚೀಟಿಗಳು ಬಂದವು. ಅವುಗಳಲ್ಲಿ ಚಾಪ್ಲಿನ್ನನೂ ಕೀಟನ್ನನೂ ಇದ್ದರು. ಅಂಚೆಚೀಟಿಯಲ್ಲಿ ಗುಪ್ತಗುರುತು ಇರಕೂಡದೆಂಬುದು ಇಲಾಖೆಯ ನಿಯಮ; ಈ ಮುದುಕನಿಗಾಗಿ ಅದನ್ನೂ ಸಡಿಲಿಸಿದರು. ಹೆಬ್ಬೆರಳಿನಷ್ಟು ಜಾಗದಲ್ಲಿ ಮುಖವೂ ನಿಂತಿತು, ನೀನಾಳ ಹೆಸರೂ ನಿಂತಿತು. ಮಾಳಿಗೆಯ ಕೊನೆಯ ಬೆಂಚಿಗೆ ಕಾಣಲೆಂದು ಹುಟ್ಟಿದ ಗೆರೆಗಳಲ್ಲವೆ ಅವು? ಚೀಟಿಯ ಸಣ್ಣತನ ಅವುಗಳಿಗೆ ಅಡ್ಡಿಯಾಗಲಿಲ್ಲ.

ಹಿರ್ಷ್‌ಫೆಲ್ಡ್ ೨೦೦೩ರ ಜನವರಿ ೨೦ರಂದು ತೀರಿಕೊಂಡ. ನೂರು ತುಂಬಲು ಐದು ತಿಂಗಳು ಉಳಿದಿತ್ತು. ಆ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ನಲವತ್ತೈದನೆಯ ಬೀದಿಯ ಒಂದು ನಾಟಕಮಂದಿರಕ್ಕೆ ಅವನ ಹೆಸರಿಟ್ಟರು. ೧೯೨೪ರಲ್ಲಿ ಕಟ್ಟಿದ ಆ ಮಂದಿರಕ್ಕೆ ಅದುವರೆಗೆ ಇದ್ದದ್ದು ಮಾರ್ಟಿನ್ ಬೆಕ್ಕನ ಹೆಸರು. ಬೆಕ್ ಯಾರೆಂದರೆ, ಸಂಕೋಲೆ ಬಿಡಿಸಿಕೊಳ್ಳುವ ಹೌಡಿನಿಯನ್ನು ೧೮೯೯ರಲ್ಲಿ ಗುರುತಿಸಿ ಮೇಲೆತ್ತಿದವನು. ಪ್ಯಾಲೆಸ್ ಮಂದಿರವನ್ನು ಕಟ್ಟಿಸಿದವನು. ವಾಡ್‌ವಿಲ್‌ನ ಮಹಾರಾಜರಲ್ಲಿ ಒಬ್ಬ. ಆಡಿಸಿದವನ ಹೆಸರನ್ನು ಅಳಿಸಿ, ಮೂಲೆಯ ಕುರ್ಚಿಯಲ್ಲಿ ಕುಳಿತು ನೋಡಿದವನ ಹೆಸರನ್ನು ಬರೆದದ್ದು ನ್ಯಾಯವೆ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟ. ಬೆಕ್ ಮನೆ ಕಟ್ಟಿಕೊಟ್ಟ. ಅದರಲ್ಲಿ ಆಡಿದವರು ಒಂದೊಂದು ರಾತ್ರಿ ಬೆಳಗಿ ಹೋದರು. ಕತ್ತಲಲ್ಲಿ ಜೇಬಿನೊಳಗೆ ಪೆನ್ಸಿಲ್ ಓಡಿ ಹಿಡಿದಷ್ಟು ಮಾತ್ರ ಇಂದು ನಮ್ಮ ಕೈಯಲ್ಲಿದೆ.